ಸೋಮವಾರದ ತೂಕ

ನನ್ನ ಯಜಮಾನರು ಈರಬಸಪ್ಪ. ಅಣ್ಣಿಗೇರಿ ಪೇಟೆಯಲ್ಲಿ ಹಮಾಲರು. ಬೆನ್ನ ಮೇಲೆ ಕ್ವಿಂಟಲ್ ಕಡಲೆ ಚೀಲ ಇದ್ದರೂ ಮಾತು ನಿಲ್ಲಿಸುತ್ತಿರಲಿಲ್ಲ. ತೂಕದಲ್ಲಿ ಯಾರಾದರೂ ಕೈಚಳಕ ತೋರಿಸಿದರೆ ಚೀಲ ಅಲ್ಲೇ ಇಳಿಸಿ, "ಮತ್ತ ತೂಗ್ರಿ ಸಾವಕಾರ್ರ" ಎನ್ನುತ್ತಿದ್ದರು.

ಎಂಬತ್ನಾಲ್ಕನೆಯ ಇಸವಿಯಲ್ಲಿ ಅವರ ಗಂಟಲಲ್ಲಿ ಗಂಟಾಯಿತು. ಹುಬ್ಬಳ್ಳಿ ದವಾಖಾನೆಯಲ್ಲಿ ಕ್ಯಾನ್ಸರ್ ಎಂದರು. ಗಂಟು ಸುಡಲು ಆರು ವಾರ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕಿತ್ತು. ಡಾಕ್ಟರು ನನ್ನನ್ನು ಕರೆದರು.

"ನೋಡವ್ವಾ, ಕರೆಂಟ್ ತಡಕೊಳ್ಳಾಕ ಮೈಯಾಗ ಕಸುವು ಬೇಕು. ಮೈಮಾಂಸ ಕರಗಬಾರದು. ಹಾಲು, ಬ್ಯಾಳಿ, ಶೇಂಗಾ, ತತ್ತಿ ಕೊಡು. ಸೋಮವಾರಕ್ಕೊಮ್ಮೆ ತೂಕ ನೋಡ್ತೀವಿ. ಭಾಳ ಇಳಿದ್ರ ಕರೆಂಟ್ ನಿಲ್ಲಸಬೇಕಾಗ್ತದ."

ಹೂಂ ಎಂದೆ. ಮನೆಗೆ ಬಂದು ಪಥ್ಯ ಹಿಡಿಸಿದೆ. ರೋಗಿಗೆ ಶೇಂಗಾ ಪಿತ್ತ, ಬೇಳೆ ವಾಯು ಎಂದೇ ಕೇಳಿ ಬೆಳೆದವಳು ನಾನು. ತತ್ತಿಯ ಮಾತೇ ಇಲ್ಲ, ನಾವು ಲಿಂಗ ಕಟ್ಟಿದವರು. ತೆಳ್ಳನೆಯ ಅಕ್ಕಿ ಗಂಜಿ ಕೊಟ್ಟೆ.

ಬಾಜು ಮನೆಯ ಹಸನಬಿ ಬೈದಳು. "ಏನಬೇ ರೇವವ್ವಾ, ಎತ್ತಿನಂಥಾ ಗಂಡಸಿಗೆ ನೀರು ಕುಡಸಾಕತ್ತೀಯಲ್ಲ. ತತ್ತಿ ಬ್ಯಾಡಂದ್ರ ಶೇಂಗಾನರ ಕುಟ್ಟಿ ಹಾಲಾಗ ಕಲಸು."

"ನಿನಗೇನ್ ತಿಳಿತೈತಿ, ಸುಮ್ನಿರು" ಎಂದೆ.

ಮೊದಲ ಸೋಮವಾರ ಒಂದೂವರೆ ಕಿಲೋ ಇಳಿದಿತ್ತು. ಅಳುತ್ತ ಬಂದೆ. ದೇವರಿಗೆ ಬೇಡಿಕೊಂಡು ಉಪವಾಸ ಹಿಡಿದೆ. ಮುಂದಿನ ಸೋಮವಾರ ತೂಕ ಇಳಿಯಲಿಲ್ಲ. ಅದರ ಮುಂದಿನದಕ್ಕೂ ಇಳಿಯಲಿಲ್ಲ. ಉಪವಾಸ ಬಿಟ್ಟೆ. ಹಸನಬಿಯ ಮುಂದೆ ದವಾಖಾನೆಯ ತೂಕದ ಚೀಟಿ ಹಿಡಿದು, "ನೋಡಬೇ ನನ್ನ ಗಂಜಿ" ಎಂದೆ. ಯಜಮಾನರ ತೋಳು ಬತ್ತಿದ್ದವು, ಅಂಗಿ ಜೋತಾಡುತ್ತಿತ್ತು. ಕಣ್ಣಿಗೆ ಕಂಡದ್ದು ಬಿಟ್ಟು ಚೀಟಿ ನಂಬಿದೆ.

ನಾಲ್ಕನೆಯ ಸೋಮವಾರ ತೂಕದ ಯಂತ್ರದಿಂದ ಇಳಿಯುವಾಗ ಕುಸಿದುಬಿದ್ದರು. ಸೊಂಟಕ್ಕೆ ಸುತ್ತಿದ್ದ ವಸ್ತ್ರ ಬಿಚ್ಚಿತು. ಎರಡೆರಡು ಕಿಲೋದ ಎರಡು ತೂಕದ ಕಲ್ಲು ನೆಲಕ್ಕೆ ಉರುಳಿದವು. ಪೇಟೆಯ ಕಲ್ಲು.

"ಏನ್ರಿ ಇದು?" ಎಂದೆ.

"ತೂಕ ಇಳಿದ್ರ ನೀ ಉಪಾಸ ಬೀಳ್ತಿ. ನೀನರ ಉಣ್ಣಲಿ ಅಂತ ಕಟಗೊಂಡೆ."

ಡಾಕ್ಟರು ಬೈಯಲಿಲ್ಲ. ಮತ್ತೆ ತೂಗಿದರು. ಕರೆಂಟು ನಿಲ್ಲಿಸಿ, "ಮೊದಲ ಉಣಸವ್ವಾ, ಆಮ್ಯಾಲೆ ನೋಡೂಣು" ಎಂದರು.

ಆಗ ಎಲ್ಲ ಕೊಟ್ಟೆ. ಹಸನಬಿ ಕುಟ್ಟಿದ ಶೇಂಗಾ, ಹಾಲು, ಬೇಳೆಕಟ್ಟು. ಅವಳ ಮನೆಯ ತತ್ತಿಯನ್ನೂ ಹಾಲಿನಲ್ಲಿ ಕದಡಿ ಕೊಟ್ಟೆ. ವಾಸನೆ ತಿಳಿಯಿತು ಅವರಿಗೆ. ನನ್ನ ಮುಖ ನೋಡಿ ಕುಡಿದರು. ಒಂದು ಕಿಲೋ ಏರಿತು. ಅಷ್ಟರಲ್ಲಿ ಗಂಟೂ ಬೆಳೆದಿತ್ತು. ದೀಪಾವಳಿಗೆ ಮೊದಲೇ ಹೋದರು.

ಉಂಡಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಹಾಗೆ ಹೇಳಲಾಗದು ಎಂದರು. ಆದರೆ ಆರು ವಾರದ ಕರೆಂಟು ಪೂರ್ತಿ ಆಗುತ್ತಿತ್ತೇನೋ. ಅದನ್ನು ನಾನು ಕೇಳಲಿಲ್ಲ.

ಈ ವರ್ಷ ಹಸನಬಿಯ ಗಂಡ ನಿಜಾಮಸಾಬನಿಗೆ ದವಡೆಯಲ್ಲಿ ಅದೇ ರೋಗ. ಈಗ ಶೇಂಗಾ ಕುಟ್ಟುವವಳು ನಾನು. ಸೋಮವಾರ ಅವರ ಸಂಗಡ ಹುಬ್ಬಳ್ಳಿ ರೈಲು ಹತ್ತುತ್ತೇನೆ. ತೂಕದ ಯಂತ್ರದ ಮುಂದೆ ನಿಂತು, "ಹಸನಬಿ, ಮೊದಲ ಸೊಂಟ ನೋಡಬೇ" ಎನ್ನುತ್ತೇನೆ.

"ಪೊಲೀಸ್ರೂ ಇಷ್ಟು ಝಡತಿ ತಗೊಳ್ಳಂಗಿಲ್ಲ ಬಿಡವ್ವಾ" ಎಂದು ನಿಜಾಮಸಾಬ ನಗುತ್ತಾನೆ.

ನನಗೆ ನಗು ಬರುವುದಿಲ್ಲ. ಹಸನಬಿ ತಡವಿ ನೋಡುತ್ತಾಳೆ. ಏನೂ ಇಲ್ಲ ಎಂದ ಮೇಲೆಯೇ ಅವನನ್ನು ಹತ್ತಲು ಬಿಡುತ್ತೇನೆ.