ಏಳನೇ ನಂಬರಿನ ಗಿರಿಜಕ್ಕ

ನಮ್ಮದೇ ರಕ್ತದ ಬಿಳಿಕಣಗಳನ್ನು ಎಬ್ಬಿಸಿ ಕ್ಯಾನ್ಸರಿನ ಮೇಲೆ ಛೂ ಬಿಡುವ ಚಿಕಿತ್ಸೆ ನನ್ನ ಸಂಶೋಧನೆಯ ವಿಷಯ. ಭಂಡಿಗಡಿಯಲ್ಲಿ ತೋಟದ ಕೆಲಸಕ್ಕೆ ಹೋಗುವ ಗಿರಿಜಕ್ಕನ ಬಾಯಿಯ ಗಡ್ಡೆ ಈ ಚಿಕಿತ್ಸೆಯಿಂದ ಕರಗಿತ್ತು. ಎರಡು ವರ್ಷದ ನಂತರವೂ ಆ ಕಣಗಳು ಎಚ್ಚರವಾಗಿವೆಯೇ ಎಂದು ನೋಡಲು ಅವರ ರಕ್ತ ಬೇಕಾಗಿತ್ತು. ಕೊಪ್ಪದಲ್ಲಿ ಬಸ್ಸು ಹಿಡಿದು ಅವರ ಮನೆಗೆ ಹೋದೆ.

ಕೂತವನೇ ಸೂಜಿ ತೆಗೆದಿಟ್ಟು, ಅವರಿಗೂ ಖುಷಿಯಾಗಲಿ ಎಂದು ಮೊಬೈಲಿನಲ್ಲಿ ನನ್ನ ಸಂಶೋಧನಾ ಪ್ರಬಂಧ ತೋರಿಸಿದೆ. "ದೇಶವಿದೇಶದ ವಿಜ್ಞಾನಿಗಳು ಇದನ್ನು ಉಲ್ಲೇಖಿಸ್ತಿದ್ದಾರೆ ಅಕ್ಕ. ಇದರಲ್ಲಿರೋ ಏಳನೇ ರೋಗಿ ನೀವೇ."

"ನನ್ನ ಹೆಸರೇ ಇಲ್ವಲ್ಲ ಮಾರಾಯ್ರೆ?"

"ರೋಗಿಯ ಹೆಸರು ಹಾಕಬಾರದು ಅಂತ ನಿಯಮ."

"ಒಳ್ಳೆ ನಿಯಮ! ರೋಗ ನಂದು, ರಕ್ತ ನಂದು, ಹೆಸರು ಮಾತ್ರ ನಿಮ್ದು. ಹೋಗ್ಲಿ, ಓದಿದವರು ಯಾರಾದ್ರೂ ಆ ಏಳನೆಯವಳು ಈಗ ಹ್ಯಾಗಿದ್ದಾಳೆ ಅಂತ ಕೇಳಿದ್ರಾ?"

"ಇಲ್ಲ."

"ನೀವಾದ್ರೂ ಕೇಳಿದ್ರಾ? ಬಂದವರೇ ಸೂಜಿ ತೆಗೆದ್ರಿ." ತೋಳನ್ನು ಸೆರಗಿನೊಳಗೆ ಎಳೆದುಕೊಂಡರು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಸೂಜಿಯನ್ನು ಚೀಲಕ್ಕೆ ಹಾಕಿ, "ಹೇಗಿದ್ದೀರಿ ಅಕ್ಕ?" ಎಂದೆ. ಅವರು ಒಂದು ಗಂಟೆ ಹೇಳಿದರು. ತಿಂಗಳುಗಟ್ಟಲೆ ಗಂಜಿನೀರಿನಲ್ಲೇ ಬದುಕಿದ್ದವರು ಈಗ ಖಾರದ ಮೀನುಸಾರು ಸುರಿದುಕೊಂಡು ಉಣ್ಣುತ್ತಾರಂತೆ. ಎಲ್ಲ ಹೇಳಿ ಮುಗಿಸಿ, ತಾವಾಗಿಯೇ ತೋಳು ಚಾಚಿದರು.

ಮುಂದಿನ ಪ್ರಬಂಧದಲ್ಲಿ ಆ ಮೀನುಸಾರನ್ನೂ ಸೇರಿಸಿದೆ. ವಿಜ್ಞಾನ ಪತ್ರಿಕೆಯ ಪರಿಶೀಲಕರು ಅದನ್ನು ವಾಪಸು ಕಳಿಸಿದ್ದಾರೆ. ಸಾರಿನ ಖಾರವನ್ನು ಯಾವ ವಿಧಾನದಿಂದ ಅಳೆಯಲಾಯಿತು ಎಂಬುದನ್ನು ನಾನು ಸ್ಪಷ್ಟಪಡಿಸಬೇಕಂತೆ.