ಮಣ್ಣಿಗೆ ಅಂಗಿ ತೊಡಿಸಿದ ಮುನಿಯಣ್ಣ

ಹೆಬ್ಬಾಳದ ಮುನಿಯಣ್ಣ ಒಂದು ಇಂಜಿನಿಯರಿಂಗ್ ಕಾಲೇಜಿನ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅಟೆಂಡರ್. ಓದಿದ್ದು ಏಳನೇ ಕ್ಲಾಸು. ಆದರೆ ಚಿಟಿಕೆ ಮಣ್ಣನ್ನು ಬೆರಳಲ್ಲಿ ತಿಕ್ಕಿ ‘ಇದು ಅಬ್ಬಿಗೆರೆಯದು, ಇದು ಮಾಕಳಿಯದು’ ಎಂದು ಊರು ಹೇಳಬಲ್ಲ ಮಹಾನುಭಾವ.

ಎಪ್ಪತ್ತೆಂಟರಲ್ಲಿ ಆ ಲ್ಯಾಬಿಗೆ ಇಂಗ್ಲೆಂಡಿನಿಂದ ಒಂದು ಯಂತ್ರ ಬಂದಿಳಿಯಿತು. ಟಾರ್ಚಿನ ಸೆಲ್ಲಿಗಿಂತ ಕೊಂಚ ದಪ್ಪನೆಯ ಮಣ್ಣಿನ ಅಚ್ಚನ್ನು ಅದರೊಳಗೆ ನಿಲ್ಲಿಸಿ, ಸುತ್ತ ನೀರು ತುಂಬಿ ಒತ್ತಿ, ಮೇಲಿಂದ ಭಾರ ಹೇರಿದರೆ ಮಣ್ಣಿನ ತಾಕತ್ತು ತಿಳಿಯುತ್ತದೆ. ನೀರು ತಾಗಿದರೆ ಮಣ್ಣು ಕರಗೀತು; ಅದಕ್ಕೇ ತೆಳು ರಬ್ಬರಿನ ಅಂಗಿ. ಜೊತೆಗೆ ಬಂದ ಹನ್ನೆರಡು ಅಂಗಿಗಳೂ ತಿಂಗಳಲ್ಲಿ ಹರಿದವು. ಹೊಸದಕ್ಕೆ ಬರೆದ ಅರ್ಜಿ ಆಮದು ಪರವಾನಗಿಗಾಗಿ ದಿಲ್ಲಿಯಲ್ಲಿ ಎರಡು ವರ್ಷ ತಪಸ್ಸಿಗೆ ಕೂತಿತು. ಪಿಎಚ್‌ಡಿಗೆಂದು ಬಂದಿದ್ದ ಬಾಗಲಕೋಟೆಯ ಸಂಗಪ್ಪ ಗಡ್ಡ ಬಿಟ್ಟ.

ಆಗ ಬಸ್ ಸ್ಟಾಪಿನ ಗೋಡೆಯ ಮೇಲಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಮುನಿಯಣ್ಣನಿಗೆ ಜ್ಞಾನೋದಯ ಮಾಡಿಸಿತು. ಬ್ಯಾಟರಾಯನಪುರದ ಆರೋಗ್ಯ ಕೇಂದ್ರದಿಂದ ಎರಡು ಡಜನ್ ನಿರೋಧ್ ಕಾಂಡೋಮು ತಂದ. ತುದಿ ಕತ್ತರಿಸಿ ಅಚ್ಚಿನ ಮೇಲೆ ಎಳೆದರೆ, ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು!

“ಮುನಿಯಣ್ಣಾ, ನೀ ದೇವ್ರು ಬಿಡಪಾ!” ಎಂದ ಸಂಗಪ್ಪ.

ದೇವರು ಪ್ರತಿ ವಾರ ಕೇಂದ್ರಕ್ಕೆ ಹೋಗತೊಡಗಿದ. ಒಂದೇ ತೊಡಕು: ಮೂವತ್ತಾರು ದಾಟಿದರೂ ದೇವರಿನ್ನೂ ಬ್ರಹ್ಮಚಾರಿ. ಎಷ್ಟೋ ಸಂಬಂಧಗಳು ತಪ್ಪಿಹೋಗಿ, ಕೊನೆಗೆ ಕೊಡಿಗೇಹಳ್ಳಿಯ ಚಿಕ್ಕಮಾರಯ್ಯ ಮಗಳನ್ನು ಕೊಡಲು ಒಪ್ಪಿದ್ದರು. ಒಂದು ದಿನ ಅವರೇ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಲು ಅಲ್ಲಿಗೆ ಬಂದರು. “ಇವ್ರು ಪ್ರತಿ ವಾರದ ಗಿರಾಕಿ” ಎಂದು ನರ್ಸಮ್ಮ ನಗುತ್ತಾ, ಭಾವಿ ಅಳಿಯನ ಚೀಲ ತುಂಬಿಸುತ್ತಿದ್ದರು.

“ಏನಯ್ಯಾ ಇದು? ಮದ್ವೆ ಇರೋದು ಮುಂದಿನ್ ತಿಂಗ್ಳು. ವಾರ ವಾರ ಇಷ್ಟೊಂದು ಯಾರ್ಗಯ್ಯಾ?”

“ಮಣ್ಣಿಗೆ, ಮಾವ.”

“ಮಣ್ಣಿಗಾ! ಸುಳ್ಳಾದ್ರೂ ನೆಟ್ಟಗೇಳೋ ಮುಂಡೇದೆ! ಈ ಮದ್ವೆ ಆಗಾಕಿಲ್ಲ!”

ಮುನಿಯಣ್ಣ ಅವರನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ನೇರ ಲ್ಯಾಬಿಗೇ ಕರೆತಂದ. ಕೂಸಿಗೆ ಕುಲಾವಿ ಹಾಕುವ ಹಾಗೆ ಉಸಿರು ಬಿಗಿಹಿಡಿದು ಕೆಮ್ಮಣ್ಣಿನ ಅಚ್ಚಿಗೆ ಅಂಗಿ ತೊಡಿಸಿದ, ಸುಕ್ಕು ನೇವರಿಸಿದ, ನೀರು ಬಿಟ್ಟ, ಭಾರ ಹೇರಿ ಯಂತ್ರದ ಡಯಲು ನೋಡುತ್ತ ಕೂತ. ಚಿಕ್ಕಮಾರಯ್ಯ ಎರಡು ಗಂಟೆ ಸ್ಟೂಲು ಬಿಟ್ಟೇಳಲಿಲ್ಲ. ಅಚ್ಚು ಮೆಲ್ಲಗೆ ಹೊಟ್ಟೆ ಉಬ್ಬಿಸತೊಡಗಿತು.

“ಬರೀ ಮಣ್ಣಿಗೇ ಇಂಗ್ ಜೋಪಾನ ಮಾಡೋನು...” ಚಿಕ್ಕಮಾರಯ್ಯ ಎದ್ದು ನಿಂತರು. “ನನ್ ಮಗ್ಳ ಕೈ ಬಿಟ್ಟಾನಾ? ಮದ್ವೆ ಆಯ್ತದೆ ಕಣಯ್ಯಾ!”

ಓಡಿಬಂದು ಕಾಲಿಗೆ ಬೀಳಬೇಕಾದ ಗಳಿಗೆ. ಮುನಿಯಣ್ಣ ಡಯಲಿನಿಂದ ಕಣ್ಣು ಕೀಳಲಿಲ್ಲ.

“ಒಸಿ ಸುಮ್ಕಿರಿ ಮಾವ, ರೀಡಿಂಗ್ ತಪ್ಪೋಯ್ತದೆ.”