ಗದಿಗೆವ್ವನ ಗುಂಪಿನಲ್ಲಿ ಎಲ್ಲರಿಗೂ ಕೆಲಸವಿದೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಗದಗ ಸ್ಟೇಷನ್ನಿನ ಆಚೆಗಿರುವ ಹತ್ತಿ ಗಿರಣಿಯ ಬಾಗಿಲಲ್ಲಿ ಗದಿಗೆವ್ವ ನಿಂತಿದ್ದಾರೆ. ಒಳಗೆ ಹೋಗುವ ಪ್ರತಿಯೊಬ್ಬ ಹೆಂಗಸನ್ನೂ ತಡೆದು ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. "ಸೆರಗು ಬಿಗಿಯಾಗಿ ಸಿಗಸ. ಹೆರಳು ಕಟ್ಟ. ನಿನ್ನ ಕೂಸಿನ ಜ್ವರ ಇಳೀತೇನ?" ಎನ್ನುತ್ತ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರೆ. ಅವರ ಕೈಯಲ್ಲಿ ಹಾಜರಿ ಪುಸ್ತಕವಿಲ್ಲ.

"ನಮ್ಮ ಗುಂಪಿನಾಗ ಇಪ್ಪತ್ತೊಂದು ಮಂದಿ ಅದಾರ್ರಿ. ನನಗಿರೂವು ಎಂಟ ಬೆರಳು. ಬೆರಳಿಲೆ ಎಣಿಸಾಕ ಹೋದ್ರ ಸಾಲೂದಿಲ್ಲ, ಅದಕ್ಕ ಮುಖ ನೋಡಿ ಎಣಸ್ತೇನಿ," ಎಂದು ನಗುತ್ತ ನನಗೆ ಬಲಗೈ ತೋರಿಸುತ್ತಾರೆ. ಅದರಲ್ಲಿ ಕಿರುಬೆರಳೂ ಅದರ ಪಕ್ಕದ ಬೆರಳೂ ಇಲ್ಲ.

ಗದಿಗೆವ್ವನಿಗೆ ಈಗ ಐವತ್ತರ ಆಸುಪಾಸು. ಹತ್ತಿರದ ಅಂತೂರ ಬೆಂತೂರ ಊರಿನ ಒಕ್ಕಲುತನದ ಮನೆಯವರು. ಈ ಗಿರಣಿಯಲ್ಲಿ ಹೆಂಗಸೊಬ್ಬಳು ಮುಕಾದಮಳಾಗಿ ಗುಂಪು ನಡೆಸುತ್ತಿರುವುದು ಇದೇ ಮೊದಲು. ಇಪ್ಪತ್ತು ಜಿನ್ನು ಯಂತ್ರಗಳ ಮುಂದೆ ಇಪ್ಪತ್ತು ಹೆಂಗಸರು ನಿಂತು ಹತ್ತಿ ಉಣಿಸುತ್ತಾರೆ. ಕಾಳು ಕೆಳಗೆ ಉದುರುತ್ತದೆ, ಅರಳೆ ಮುಂದಕ್ಕೆ ಹಾರುತ್ತದೆ. ಒಂದು ಜಿನ್ನಿಗೆ ದಿನಕ್ಕೆ ನಲವತ್ತು ಬುಟ್ಟಿ. ಸಂಕ್ರಮಣ ದಾಟಿದ ಮೇಲೆ ಹಿಡಿದ ಕೆಲಸ ಮುಂಗಾರಿನ ತನಕ ಬಿಡುವುದಿಲ್ಲ. ಸಂಜೆ ಹೊರಬೀಳುವಾಗ ಹುಬ್ಬಿನ ಮೇಲೂ ಅರಳೆ ಕೂತಿರುತ್ತದೆ. "ಹೋಗೂ ಮುಂದ ಕರೀ ಕೂದಲ, ಬರೂ ಮುಂದ ಮುದಿಕ್ಯಾರು," ಎಂದು ತಾವೇ ಚೇಷ್ಟೆ ಮಾಡಿಕೊಳ್ಳುತ್ತಾರೆ.

ಇಪ್ಪತ್ತು ವರ್ಷದ ಹಿಂದೆ ಇದೇ ಜಿನ್ನಿನ ತಿರುಗುವ ರೂಲು ಗದಿಗೆವ್ವನ ಬೆರಳು ತಿಂದಿತು. ಗಾಯ ಮಾಯ್ದ ಮೇಲೆ ಬಂದರೆ ಅಂದಿನ ಮುಕಾದಮ ಬಾಗಿಲಲ್ಲೇ ತಿರುಗಿಸಿ ಕಳಿಸಿದ. ಮರುದಿನ ಬಂದರು, ಮತ್ತೆ ಕಳಿಸಿದ. ಹದಿನೇಳನೇ ದಿನ ಅವನಿಗೇ ಬೇಸರ ಬಂದು, ಅಂಗಳದಲ್ಲಿ ಹತ್ತಿಯ ಕಸ ಆರಿಸಲು ಕೂಡಿಸಿದ.

"ನಾ ಅವಗ ಏನ್ ಹೇಳಿದೆ ಗೊತ್ತೇನ್ರಿ? ಹೋದ ಬೆರಳು ಎರಡ, ಉಳಿದ ಬೆರಳು ಎಂಟ. ನೀ ಹೋದದ್ದನ್ನ ಯಾಕ ಎಣಸ್ತಿ, ಉಳಿದದ್ದನ್ನ ಎಣಸು ಅಂದೆ."

ತಾವೇ ಮುಕಾದಮಳಾದ ಮೇಲೆ ಅವರು ಎಣಿಸುವುದೂ ಹಾಗೆಯೇ. ಲಕ್ಷ್ಮೇಶ್ವರದ ಅಮೃತವ್ವನಿಗೆ ಕಣ್ಣು ಮಂದ. ಅವರನ್ನು ಜಿನ್ನಿನ ಹತ್ತಿರ ಬಿಡದೆ, ಗಾಡಿಯಿಂದ ಇಳಿದ ಹತ್ತಿಯ ರಾಶಿಯ ಬಳಿ ಕೂಡಿಸಿದ್ದಾರೆ. ಹಿಡಿ ಹತ್ತಿ ಕೈಗೆತ್ತಿಕೊಂಡು ಹಿಸುಕಿದರೆ ಸಾಕು, ಒಣಗಿದ್ದೋ ಹಸಿಯೋ ಅಮೃತವ್ವ ಹೇಳಿಬಿಡುತ್ತಾರೆ. ಕಣ್ಣಿದ್ದವರು ಬಿಳುಪು ನೋಡಿ ಮೋಸ ಹೋಗುತ್ತಾರೆ, ಅವರು ಹೋಗುವುದಿಲ್ಲ.

ಹತ್ತು ವರ್ಷದ ಹಿಂದೆ ಈ ಹೆಂಗಸರು ಬುತ್ತಿ ಬಿಚ್ಚುವಾಗಲೂ ಬೇರೆ ಬೇರೆ ಕೂಡುತ್ತಿದ್ದರಂತೆ. ಲಕ್ಷ್ಮೇಶ್ವರದವರು ಮಿರಜ ಸಂಸ್ಥಾನದವರು, ಶಿರಹಟ್ಟಿಯವರು ಸಾಂಗಲಿಯವರು, ಗದಗಿನವರು ಮುಂಬೈ ಸರಕಾರದವರು, ಹೊಳೆಯಾಚೆಯವರು ನಿಜಾಮನವರು. ಇದರ ಮೇಲೆ ಜಾತಿಯದು ಬೇರೆ. "ಒಂದ ಬೇವಿನ ಗಿಡದ ನೆಳ್ಳಿನಾಗ ಏಳು ರಾಜ್ಯ ಇದ್ದೂರಿ," ಎನ್ನುತ್ತಾರೆ ಗದಿಗೆವ್ವ. ಅವರು ಯಾರಿಗೂ ಭಾಷಣ ಮಾಡಲಿಲ್ಲ. ದಿನಕ್ಕೊಬ್ಬರಂತೆ ಎಲ್ಲರ ಹತ್ತಿರವೂ ಹೋಗಿ ಕುಳಿತು, ಅವರ ರೊಟ್ಟಿ ಮುರಿದು ತಿಂದು, ತಮ್ಮ ಪಲ್ಯ ಕೊಟ್ಟರು. ಒಂದು ಹಂಗಾಮು ಕಳೆಯುವುದರೊಳಗೆ ಎಲ್ಲರೂ ಒಂದೇ ಸುತ್ತಿನಲ್ಲಿ ಕೂಡತೊಡಗಿದರು. ದಿಲ್ಲಿಯಲ್ಲಿ ಸಂಸ್ಥಾನಗಳು ವಿಲೀನವಾಗುವ ಮಾತು ಆಗಿನ್ನೂ ನಡೆದಿತ್ತಷ್ಟೆ.

ನಿಜವಾದ ಕಸರತ್ತು ಬಂದದ್ದು ಹೋದ ವರ್ಷ, ಮಂಜವ್ವ ಕೆಲಸ ಕೇಳಿಕೊಂಡು ಬಂದಾಗ. ಮುಂಡರಗಿ ಕಡೆಯ ಮಂಜವ್ವನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಕೈ ಮಾತ್ರ ಮಿಂಚು. ಮ್ಯಾನೇಜರ್ ಶ್ರೀಪಾದರಾಯರು ಒಪ್ಪಲಿಲ್ಲ. ಊಟದ ಹೊತ್ತಿಗೆ ಎಂಜಿನ್ ನಿಂತಾಗ ಹೆಂಗಸರು ಜಿನ್ನಿನ ಹಲ್ಲಿಗೆ ಕೈ ಹಾಕಿ ಕಸ ತೆಗೆಯುತ್ತಾರೆ. ಎಂಜಿನ್ ಮತ್ತೆ ಹೊರಡುವ ಮೊದಲು ಸಿಳ್ಳು ಊದುತ್ತದೆ, ಆಗ ಕೈ ತೆಗೆಯಬೇಕು.

"ಗದಿಗೆವ್ವ, ಆಕಿಗೆ ಸಿಳ್ಳು ಹೆಂಗ ಕೇಳಸ್ತದ? ನಾಳೆ ಏನರ ಆದ್ರ ಆಕಿ ತಾಯಿಗೆ ಏನಂತ ಹೇಳಲಿ? ನನಗೇನು ಆಕಿ ಮ್ಯಾಲ ಸಿಟ್ಟದ ಏನು?" ಎಂದರಂತೆ ರಾಯರು. ಅವರ ಅಂಜಿಕೆ ಖರೆಯೇ ಇತ್ತು. ತಮ್ಮ ಕೈ ನೋಡಿಕೊಂಡ ಗದಿಗೆವ್ವನಿಗೆ ಅದು ಬೇರೆಯವರಿಗಿಂತ ಹೆಚ್ಚು ಗೊತ್ತಿತ್ತು.

"ಮೂರು ದಿನ ಟೈಮ್ ಕೊಡ್ರಿ," ಎಂದು ಕೇಳಿ ಬಂದರು.

ಮೊದಲ ಎರಡು ದಿನ ಏನೂ ಹೊಳೆಯಲಿಲ್ಲ. ಮೂರನೇ ದಿನ ಬಾವಿಯ ದಂಡೆಯಲ್ಲಿ ಕೂತಾಗ, ಹಗ್ಗ ಜಗ್ಗಿದರೆ ಆಚೆ ತುದಿಯ ಕೊಡ ಅಲ್ಲಾಡುವುದನ್ನು ಕಂಡರು. ಓಡಿ ಬಂದು ಎಂಜಿನ್ ಡ್ರೈವರ್ ಲಾಡಸಾಬರನ್ನು ಹಿಡಿದರು. ಇಬ್ಬರೂ ಸೇರಿ ಎಂಜಿನ್ ಕೋಣೆಯಿಂದ ಕೊನೆಯ ಜಿನ್ನಿನವರೆಗೆ ತೊಲೆಗಳ ಕೆಳಗೆ ಒಂದು ಹುರಿ ಎಳೆದರು. ಪ್ರತಿ ಜಿನ್ನಿನ ಮೇಲೂ ಹುರಿಗೆ ಒಂದು ಕೆಂಪು ಬಟ್ಟೆ ಜೋತುಬಿಟ್ಟರು. ಲಾಡಸಾಬ ಮೂರು ಸಲ ಜಗ್ಗಿದರೆ ಇಪ್ಪತ್ತು ಬಟ್ಟೆಗಳೂ ಕುಣಿಯುತ್ತವೆ. ಇಪ್ಪತ್ತು ಕೈ ಮೇಲೆದ್ದ ಮೇಲೆಯೇ ಎಂಜಿನ್ ಹೊರಡಬೇಕು.

ಲಾಡಸಾಬ ತಮ್ಮದೂ ಒಂದು ಸೇರಿಸಿದರು. "ನಾ ಒಬ್ಬನ ಜಗ್ಗಿದ್ರ ಹೆಂಗ? ಅವರಿಗೂ ನನಗ ಹೇಳೂದಿರತೈತಲ್ಲ," ಎಂದು ಹುರಿಯ ತುದಿಗೆ ಖಾಲಿ ತಗಡಿನ ಡಬ್ಬಿ ಕಟ್ಟಿ, ಅದನ್ನು ತಮ್ಮ ಕಣ್ಣ ಮುಂದೆಯೇ ತೂಗುಹಾಕಿಕೊಂಡರು. ರಾಯರು ಬಂದು ಅರ್ಧ ತಾಸು ನಿಂತು ನೋಡಿದರು. ತಾವೇ ಮೂರು ಸಲ ಜಗ್ಗಿ ಪರೀಕ್ಷೆ ಮಾಡಿದರು. ಆಮೇಲೆ ಮಂಜವ್ವನ ಹೆಸರು ಬರೆದುಕೊಂಡರು.

ಗುಂಪಿನಲ್ಲಿ ಎಲ್ಲರಿಗೂ ಇದು ಸರಿ ಬರಲಿಲ್ಲ. ಪಕ್ಕದ ಜಿನ್ನಿನ ಸುಮಿತ್ರವ್ವ, "ಮೂಗಿ ಬಾಜೂಕ ನಾ ನಿಂದ್ರೂದಿಲ್ಲ. ಕೂಗಿದ್ರ ಕೇಳೂದಿಲ್ಲ, ಕೇಳಿದ್ರ ಹೇಳೂದಿಲ್ಲ," ಎಂದು ಮುಖ ತಿರುವಿದರು. ಗದಿಗೆವ್ವ ಜಾಗ ಮಾತ್ರ ಬದಲಿಸಲಿಲ್ಲ.

ಈ ವರ್ಷದ ಹಂಗಾಮು ಸುರುವಾದ ಎಂಟನೇ ದಿನ. ಸುಮಿತ್ರವ್ವನ ಸೆರಗು ಅದು ಹೇಗೋ ಸಡಿಲಾಗಿ ಚಕ್ರ ತಿರುಗಿಸುವ ಚರ್ಮದ ಪಟ್ಟಾಕ್ಕೆ ಸಿಕ್ಕಿತು. ಪಟ್ಟಾ ಸೀರೆಯ ಜೊತೆಗೆ ಅವರನ್ನೂ ಎಳೆಯತೊಡಗಿತು.

"ಚೀರಿದೆನ್ರಿ, ಗಂಟಲ ಹರಿಯೂ ಹಂಗ ಚೀರಿದೆ," ಎನ್ನುತ್ತಾರೆ ಸುಮಿತ್ರವ್ವ. "ಇಪ್ಪತ್ತು ಜಿನ್ನಿನ ಗದ್ದಲದಾಗ ಯಾರಿಗೆ ಕೇಳಬೇಕು? ಕಿವಿ ಇದ್ದ ಹದಿನೆಂಟು ಮಂದಿಗೂ ಕೇಳಲಿಲ್ಲ. ಕಿವಿ ಇಲ್ಲದಾಕಿ ನೋಡಿದಳು."

ಮಂಜವ್ವ ಬುಟ್ಟಿ ಬಿಸಾಡಿ ಮೇಲಕ್ಕೆ ಜಿಗಿದು ಹುರಿಗೆ ಜೋತುಬಿದ್ದಳು. ಎಂಜಿನ್ ಕೋಣೆಯಲ್ಲಿ ಡಬ್ಬಿ ಲಾಡಸಾಬರ ಹಣೆಗೇ ಬಡಿಯಿತು. ಅವರು ಎಂಜಿನ್ನಿನ ಪಟ್ಟಾ ಸರಿಸಿದರು. ಗಿರಣಿ ನಿಂತಿತು. ಸೀರೆ ಅರ್ಧ ಹರಿದಿತ್ತು, ಸುಮಿತ್ರವ್ವನ ತೋಳು ಬಾತಿತ್ತು. ಅಷ್ಟೇ. ಎದ್ದ ಸುಮಿತ್ರವ್ವ ಮಂಜವ್ವನ ಕೊರಳಿಗೆ ಬಿದ್ದು ಅತ್ತರು. ಮಂಜವ್ವ ತನ್ನ ಸೆರಗಿನಿಂದ ಅವರ ಕಣ್ಣೊರೆಸಿ, ಹರಿದ ಸೀರೆ ತೋರಿಸಿ, ಲೊಚಗುಟ್ಟಿದಳಂತೆ.

ಆಮೇಲೆ ಗಿರಣಿಯಲ್ಲಿ ಹೊಸದೊಂದು ಭಾಷೆ ಹುಟ್ಟಿದೆ. ಮಂಜವ್ವನ ಕೈಸನ್ನೆಗಳನ್ನು ಮೊದಲು ಕಲಿತದ್ದು ಸುಮಿತ್ರವ್ವ. ಅವರಿಂದ ಉಳಿದವರು ಕಲಿತರು. ಈಗ ಎಷ್ಟೇ ಗದ್ದಲವಿರಲಿ, ಒಂದನೇ ಜಿನ್ನಿನಿಂದ ಇಪ್ಪತ್ತನೇ ಜಿನ್ನಿಗೆ ಖಬರು ಹೋಗುತ್ತದೆ: ಯಾರ ಮಗಳಿಗೆ ವರ ಬಂತು, ಯಾರ ಅತ್ತೆ ಮುನಿಸಿಕೊಂಡಳು. ಮೂಗಿನ ಮೇಲೆ ಎರಡು ಬೆರಳಿಂದ ಕನ್ನಡಕ ಏರಿಸಿದಂತೆ ಮಾಡಿದರೆ ಮ್ಯಾನೇಜರು ಬಂದರೆಂದು ಅರ್ಥ.

"ನನಗ ಎಲ್ಲಾ ಗೊತ್ತದ," ಎಂದು ಶ್ರೀಪಾದರಾಯರು ನನ್ನ ಕಿವಿಯಲ್ಲಿ ಹೇಳುತ್ತಾರೆ. "ಗೊತ್ತಿಲ್ಲದವರಂಗ ಇರ್ತೇನಿ. ಈ ಹಂಗಾಮಿನಾಗ ಒಬ್ಬರದೂ ಕೈ ಹೋಗಿಲ್ಲ. ನನಗ ಅಷ್ಟ ಸಾಕು."

ಗದಿಗೆವ್ವನನ್ನು ಹೊಗಳಲು ಹೋದರೆ ಅವರಿಗೆ ಮುಜುಗರ. "ನಂದೇನೈತ್ರಿ ಅದರಾಗ? ಹುರಿ ಗಿರಣೀದು, ಡಬ್ಬಿ ಲಾಡಸಾಬಂದು, ಕಣ್ಣು ಮಂಜವ್ವಂದು. ಬಾಗಿಲಿಗೆ ಬಂದಾಕಿನ್ನ ಹೊಳ್ಳಿ ಹೋಗು ಅನ್ನಲಿಲ್ಲ, ಇಷ್ಟ ನಾ ಮಾಡಿದ್ದು." ಅವರ ಕಣ್ಣು ಅಷ್ಟರಲ್ಲೇ ಏಳನೇ ಜಿನ್ನಿನ ಕಡೆ ಹೋಗಿದೆ. ಅಲ್ಲಿ ಯಾರದೋ ಹೆರಳು ಬಿಚ್ಚಿದೆ.

ಹೆರಳು ಕಟ್ಟಿಸಿ ತಿರುಗಿ ಬಂದವರನ್ನು, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಹೋದ ನವೆಂಬರದಾಗ ನಾವೆಲ್ಲಾ ಒಂದ ರಾಜ್ಯ ಆದೆವು ಅಂತ ರಾಯರು ಪೇಢೆ ಹಂಚಿದ್ರು. ಬೆಂಗಳೂರು ಈಗ ನಮ್ಮದೂ ಹೌದಂತ. ಮಳಿ ಹಿಡದು ಗಿರಣಿ ಬಂದ್ ಆದ ಮ್ಯಾಲ ಎಲ್ಲಾರನೂ ಕರಕೊಂಡು ಒಮ್ಮೆ ರೈಲಿನಾಗ ಹೋಗಿ ನೋಡಿ ಬರಬೇಕಂತ ಐತ್ರಿ. ಆದ್ರ ಅಲ್ಲಿ ಜ್ವಾಳದ ರೊಟ್ಟಿ ಸಿಗೂದಿಲ್ಲಂತ, ಖರೇನ?"

ಸಿಗುವುದು ಕಷ್ಟವೇ ಎನ್ನುತ್ತೇನೆ.

ಗದಿಗೆವ್ವ ಸೊಂಟಕ್ಕೆ ಕೈ ಇಟ್ಟುಕೊಳ್ಳುತ್ತಾರೆ.

"ಹಂಗಾದ್ರ ರೊಟ್ಟಿ ಕಟ್ಟಿಗೊಂಡು ಹೋಗ್ತೇವಿ ಬಿಡ್ರಿ, ಬೆಂಗಳೂರಿನವರಿಗೂ ಆಗೂವಷ್ಟು."